ಐದು ಸೆಂಟಿಮೀಟರ್ ಸಿಪಾಯಿಗೆ ಬಣ್ಣ: ಮೊದಲು ನೆಲ, ಆಮೇಲೆ ಸಮವಸ್ತ್ರ

ಮಿಲಿಟರಿ ಮಿನಿಯೇಚರ್‌ಗೆ, ಅಂದರೆ ಪುಟ್ಟ ಸಿಪಾಯಿ ಗೊಂಬೆಗೆ, ಬಣ್ಣ ಹಚ್ಚುವುದನ್ನು ಕಲಿಯಬೇಕು ಅನ್ನುವವರು ಮೊದಲು ಕೇಳುವುದು ಯಾವ ಖಾಕಿ ತರಬೇಕು ಅಂತ. ಅದಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಒಂದಿದೆ. ಈ ಸಿಪಾಯಿ ಯಾವ ನೆಲದ ಮೇಲೆ, ಯಾವ ತಿಂಗಳಲ್ಲಿ, ಯಾವ ಹೊತ್ತಿನಲ್ಲಿ ನಿಂತಿದ್ದಾನೆ? ಮೇ ತಿಂಗಳಲ್ಲಿ ಕಲಬುರಗಿಯ ಎರೆ ಹೊಲದಲ್ಲಿ ನಿಂತವನ ಬೂಟಿನ ಮೇಲೆ ಬೂದು ಧೂಳು ಕೂತಿರುತ್ತದೆ. ನಡುಮಧ್ಯಾಹ್ನ ಆದರೆ ಟೋಪಿಯ ನೆರಳಿಗೆ ಅವನ ಅರ್ಧ ಮುಖ ಕತ್ತಲೆ. ಸೆಪ್ಟೆಂಬರ್ ಮಳೆಯಲ್ಲಿ ಬೀದರಿನ ಕೆಂಪು ನೆಲದ ಮೇಲೆ ನಿಂತವನಿಗೆ ಕಾಲತುಂಬ ಕೆಸರು, ಮುಖದ ಮೇಲೆ ಮೋಡದ ತಿಳಿ ಬೆಳಕು. ಸಮವಸ್ತ್ರ ಒಂದೇ ಇದ್ದರೂ ಹಚ್ಚುವ ರೀತಿ ಎರಡು. ಇದನ್ನು ಗೊತ್ತು ಮಾಡಿಕೊಳ್ಳದೆ ಹಚ್ಚಿದ ಫಿಗರ್ ಕೈಯಲ್ಲಿ ಎಷ್ಟು ಚೆಂದ ಕಂಡರೂ, ದೃಶ್ಯದೊಳಗೆ ಇಟ್ಟಾಗ ಬೇರೆ ಊರಿನಿಂದ ಬಂದವನ ಹಾಗೆ ಒಂಟಿಯಾಗಿ ನಿಲ್ಲುತ್ತದೆ.

ಈ ಲೇಖನಕ್ಕೆ ನಮ್ಮ ಭಾಗದ್ದೇ ಒಂದು ದೃಶ್ಯ ಆರಿಸಿಕೊಂಡಿದ್ದೇನೆ. ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೇನಾ ಕಾರ್ಯಾಚರಣೆ ಆಪರೇಷನ್ ಪೋಲೋ 1948ರ ಸೆಪ್ಟೆಂಬರ್ 13ರಂದು ಶುರುವಾಯಿತು. ಭಾರತೀಯ ಸೇನೆಯ ಮುಖ್ಯ ಪಡೆ ಮೇಜರ್ ಜನರಲ್ ಜೆ. ಎನ್. ಚೌಧರಿ ಅವರ ಕೈಕೆಳಗೆ ಸೊಲ್ಲಾಪುರದ ಕಡೆಯಿಂದ ಹೈದರಾಬಾದಿಗೆ ಹೊರಟಿತು. ನಳದುರ್ಗ, ಉಮರ್ಗಾ ದಾಟಿ, ಈಗಿನ ಬೀದರ್ ಜಿಲ್ಲೆಯ ರಾಜೇಶ್ವರದ ಮೇಲೆ ಜಹೀರಾಬಾದ್ ಕಡೆ ಹೋಗುವ ದಾರಿ ಅದು. 17ರಂದು ನಿಜಾಮರು ಕದನವಿರಾಮ ಸಾರಿದರು. ಪ್ರತಿ ವರ್ಷ ನಾವು ಕಲ್ಯಾಣ ಕರ್ನಾಟಕ ಉತ್ಸವ ಆಚರಿಸುವುದು ಅದೇ ದಿನ. ನಮ್ಮ ದೃಶ್ಯದಲ್ಲಿ ಆ ರಸ್ತೆ ಬದಿ ಕಾವಲು ನಿಂತ ಒಬ್ಬ ಸಿಪಾಯಿ, ಕಾಲಡಿ ಒದ್ದೆ ಕೆಂಪು ಮಣ್ಣು. ಅಷ್ಟೇ. ಮೊದಲ ಸಲಕ್ಕೆ ಒಬ್ಬನೇ ಸಾಕು.

ಯಾವ ಫಿಗರ್ ತರಬೇಕು

1/35 ಅಳತೆ ಆರಿಸಿಕೊಳ್ಳಿ. ನಿಜವಾದ ಮನುಷ್ಯ 175 ಸೆಂಟಿಮೀಟರ್ ಇದ್ದರೆ ಫಿಗರ್ 5 ಸೆಂಟಿಮೀಟರ್ ಬರುತ್ತದೆ. 1/72ರಲ್ಲಿ ಎರಡೂವರೆ ಸೆಂಟಿಮೀಟರೂ ಇರುವುದಿಲ್ಲ. ಕಲಿಯುವವರಿಗೆ ಅದು ಕಷ್ಟ.

ಕಿಟ್‌ಗಳು ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವುದು ಕಡಿಮೆ, ಆನ್‌ಲೈನ್ ತರಿಸುವುದೇ ಸುಲಭ. 1948ರ ಭಾರತೀಯ ಸಿಪಾಯಿ ಅಂತ ಹುಡುಕುತ್ತಾ ಕೂರಬೇಡಿ. ಎರಡನೇ ಮಹಾಯುದ್ಧದ ಬ್ರಿಟಿಷ್ ಕಾಲಾಳುಗಳ ಪ್ಲಾಸ್ಟಿಕ್ ಸೆಟ್ ತನ್ನಿ. ಆಗಿನ ನಮ್ಮ ಸೇನೆಯ ಸಾಮಾನು ಬಹುತೇಕ ಅದೇ: ಸೊಂಟಕ್ಕೆ, ಹೆಗಲಿಗೆ ಕಟ್ಟುವ 1937ರ ಮಾದರಿಯ ಬಟ್ಟೆಯ ಪಟ್ಟಿಗಳು, .303 ಲೀ-ಎನ್‌ಫೀಲ್ಡ್ ರೈಫಲ್, ಬ್ರೆನ್ ಗನ್. ಒಂದು ವಿಷಯ ಮಾತ್ರ ಗಮನಿಸಿ. ಭಾರತೀಯ ಸಿಪಾಯಿಗಳ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಲೀ-ಎನ್‌ಫೀಲ್ಡ್‌ನ ನಂಬರ್ 1 ಮಾರ್ಕ್ 3 ರೈಫಲ್. ಅದರ ಮೂತಿ ಮೊಂಡಾಗಿರುತ್ತದೆ. ನಂಬರ್ 4 ರೈಫಲ್‌ನಲ್ಲಿ ನಳಿಗೆಯ ತುದಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಉತ್ತರ ಆಫ್ರಿಕಾದಲ್ಲಿ ಹೋರಾಡಿದ ಬ್ರಿಟಿಷ್ ಎಂಟನೇ ಸೇನೆಯ ಸೆಟ್ ತಂದರೆ ಮೊಂಡು ಮೂತಿಯದೇ ಸಿಗುವ ಸಾಧ್ಯತೆ ಜಾಸ್ತಿ. ಆದರೆ ಅದರಲ್ಲಿ ಚಡ್ಡಿ ಹಾಕಿದವರು ಇರುತ್ತಾರೆ. ಉದ್ದ ಪ್ಯಾಂಟ್ ಇರುವವನನ್ನು ಆರಿಸಿಕೊಳ್ಳಿ.

ಬ್ರಶ್ ಎರಡು ಸಾಕು, 1 ಮತ್ತು 0 ನಂಬರಿನವು. 000 ನಂಬರಿನ ಕೂದಲೆಳೆ ಬ್ರಶ್ ಕೊಳ್ಳಲು ಎಲ್ಲರಿಗೂ ಆಸೆ. ಅದರಲ್ಲಿ ಬಣ್ಣ ನಿಲ್ಲುವುದಿಲ್ಲ, ಗೊಂಬೆ ಮುಟ್ಟುವಷ್ಟರಲ್ಲಿ ತುದಿ ಒಣಗಿರುತ್ತದೆ. ಹೊಟ್ಟೆ ದಪ್ಪ, ಮೂಗು ಚೂಪು ಇರುವ ಬ್ರಶ್ ಬೇಕು. ಬಣ್ಣ ವ್ಯಾಲೆಹೋ ಅಥವಾ ಟಮಿಯಾ ಕಂಪನಿಯದಾದರೆ ಒಳ್ಳೆಯದು. ಕೈ ಬಿಗಿ ಇದ್ದರೆ ಸ್ಟೇಷನರಿ ಅಂಗಡಿಯ ಕ್ಯಾಮೆಲ್ ಅಕ್ರಿಲಿಕ್ ಟ್ಯೂಬಿನಲ್ಲೇ ಶುರು ಮಾಡಿ. ಅದು ದಪ್ಪ, ಒಣಗಿದ ಮೇಲೆ ಸ್ವಲ್ಪ ಹೊಳೆಯುತ್ತದೆ. ನೀರು ಬೆರೆಸಿ ಮೂರು ನಾಲ್ಕು ತೆಳು ಕೋಟ್ ಹಚ್ಚಿ, ಕೊನೆಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಕೊಟ್ಟರೆ ಕೆಲಸ ನಡೆಯುತ್ತದೆ.

ಬಣ್ಣಕ್ಕೆ ಮೊದಲಿನ ಕೆಲಸ

ಚೌಕಟ್ಟಿನಿಂದ ಭಾಗಗಳನ್ನು ಕಿತ್ತುಕೊಳ್ಳಬೇಡಿ, ಕಟರ್‌ನಿಂದ ಕತ್ತರಿಸಿ. ಅಚ್ಚಿನ ಎರಡು ಅರ್ಧ ಸೇರುವ ಕಡೆ ಸಣ್ಣ ಏಣು ಇರುತ್ತದೆ, ತೋಳಿನ ಬದಿ, ಕಾಲಿನ ಬದಿ, ಟೋಪಿಯ ಮೇಲೆ. ಬ್ಲೇಡಿನ ಬೆನ್ನಿನಿಂದ ಅದನ್ನು ಕೆರೆದು ತೆಗೆಯಿರಿ. ಬರಿಗಣ್ಣಿಗೆ ಕಾಣದ ಏಣು ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಫಿಗರ್ ರೆಸಿನ್‌ದಾದರೆ ಒಣ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಶ್ವಾಸಕ್ಕೆ ಕೆಟ್ಟದ್ದು. ಸಂದು ತುಂಬಲು ಎಂ-ಸೀಲ್ ಸಾಕು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆ ಟೂತ್‌ಬ್ರಶ್‌ನಿಂದ ತೊಳೆದು ಒಣಗಿಸಿ. ಬೋರ್ ನೀರು ಗಡಸು ಇದ್ದರೆ ಕೊನೆಗೊಮ್ಮೆ ಕುಡಿಯುವ ನೀರಿನಲ್ಲಿ ಅದ್ದಿ ತೆಗೆಯಿರಿ, ಬಿಳಿ ಕಲೆ ಉಳಿಯುವುದಿಲ್ಲ.

ಒಂದು ಕಾಲಿನ ಅಡಿಗೆ ಸಣ್ಣ ತೂತು ಕೊರೆದು, ಪೇಪರ್ ಕ್ಲಿಪ್ಪಿನ ತಂತಿ ತುಂಡನ್ನು ಫೆವಿಕ್ವಿಕ್‌ನಿಂದ ಕೂಡಿಸಿ. ಇನ್ನೊಂದು ತುದಿಯನ್ನು ಬೆಂಡಿನ ಬಿರಡೆಗೆ ಚುಚ್ಚಿ. ಇನ್ನು ಮುಂದೆ ಹಿಡಿಯುವುದು ಬಿರಡೆಯನ್ನು, ಗೊಂಬೆಯನ್ನಲ್ಲ. ಕೊನೆಗೆ ನೆಲಕ್ಕೆ ನಿಲ್ಲಿಸಲೂ ಅದೇ ತಂತಿ ಬೇಕು. ರೈಫಲ್ ಈಗಲೇ ಅಂಟಿಸಬೇಡಿ, ಅದರ ಹಿಂದಿನ ಎದೆಗೆ ಬ್ರಶ್ ಹೋಗುವುದಿಲ್ಲ.

ನಮ್ಮ ಬಿಸಿಲು ಮತ್ತು ಪ್ರೈಮರ್

ಯುರೋಪಿನವರು ಬರೆದ ಮಾರ್ಗದರ್ಶಿಗಳಲ್ಲಿ ನಮ್ಮಂಥ ಬಿಸಿಲಿನ ಬಗ್ಗೆ ಹೆಚ್ಚೇನೂ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಆ ಮಧ್ಯಾಹ್ನ ಸ್ಪ್ರೇ ಪ್ರೈಮರ್, ಅಂದರೆ ಬಣ್ಣ ಹಿಡಿಯಲು ಮೊದಲು ಕೊಡುವ ತಳದ ಕೋಟ್, ಹೊಡೆದರೆ ಹನಿಗಳು ಗಾಳಿಯಲ್ಲೇ ಒಣಗಿ, ಪುಡಿಯಾಗಿ ಗೊಂಬೆಯ ಮೇಲೆ ಬೀಳುತ್ತವೆ. ಕೈಯಾಡಿಸಿದರೆ ರವೆ ರವೆ. ಅದರ ಮೇಲೆ ಮುಖ ಹಚ್ಚಲು ಬರುವುದೇ ಇಲ್ಲ. ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಡಬ್ಬಿಯನ್ನು ಬಿಸಿಲಲ್ಲಿ ಇಡಲೇಬೇಡಿ. ಮಳೆ ಹಿಡಿದ ದಿನವೂ ಬೇಡ, ತೇವಕ್ಕೆ ಬಣ್ಣ ಮಂಜು ಹಿಡಿಯುತ್ತದೆ.

ಡಬ್ಬಿ ಚೆನ್ನಾಗಿ ಕುಲುಕಿ, 20ರಿಂದ 25 ಸೆಂಟಿಮೀಟರ್ ದೂರದಿಂದ, ನಿಲ್ಲಿಸದೆ ಬೀಸುತ್ತಾ ಹೋಗಿ. ಆಟೋಮೊಬೈಲ್ ಅಂಗಡಿಯ ಬೂದು ಪ್ರೈಮರ್ ಅಗ್ಗ, ಆದರೆ ಕೆಲವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಮಿಕ್ಕ ಚೌಕಟ್ಟಿನ ತುಂಡಿನ ಮೇಲೆ ಹೊಡೆದು ನೋಡಿ ಆಮೇಲೆ ಬಳಸಿ.

ಈಗ ಬೆಳಕಿನ ಮಾತು. ಸಣ್ಣ ಗೊಂಬೆಯ ಮೇಲೆ ಮನೆಯ ಬಲ್ಬು ಬೀಳಿಸುವ ನೆರಳು ತೀರಾ ಕ್ಷೀಣ. ಅಂಗಿಯ ಮಡಿಕೆ ಅರ್ಧ ಮಿಲಿಮೀಟರ್ ಆಳ ಇಲ್ಲದಿದ್ದರೆ ಅಲ್ಲಿ ನೆರಳು ಎಲ್ಲಿಂದ ಬರಬೇಕು? ಹಾಗಾಗಿ ನೆರಳನ್ನೂ ಬೆಳಕನ್ನೂ ನಾವೇ ಬಣ್ಣದಲ್ಲಿ ಬರೆಯಬೇಕು. ಮೊದಲು ಇಡೀ ಫಿಗರಿಗೆ ಕಪ್ಪು ಪ್ರೈಮರ್ ಕೊಡಿ. ಒಣಗಿದ ಮೇಲೆ ಮೇಲಿನಿಂದ ಮಾತ್ರ ಬಿಳಿ ಅಥವಾ ತಿಳಿ ಬೂದು ಹೊಡೆಯಿರಿ. ಆಗ ಬೆಳಕು ಎಲ್ಲಿ ಬೀಳುತ್ತದೆ ಅನ್ನುವ ನಕ್ಷೆ ತಾನಾಗಿ ಸಿಗುತ್ತದೆ. ಭುಜ, ಟೋಪಿ, ಮೊಣಕಾಲು ಬಿಳಿ. ಕಂಕುಳು, ಗದ್ದದ ಕೆಳಗೆ ಕಪ್ಪು. ಬೇಸಿಗೆಯ ಮಧ್ಯಾಹ್ನ ಬೇಕಾದರೆ ನೆತ್ತಿಯ ಮೇಲಿನಿಂದ ನೇರ ಹೊಡೆಯಿರಿ. ನಮ್ಮದು ಸೆಪ್ಟೆಂಬರಿನ ಮೋಡ. ಸುತ್ತಲೂ ತಿರುಗಿಸುತ್ತಾ ಓರೆಯಾಗಿ ಹೊಡೆದರೆ ಕಪ್ಪು ಬಿಳುಪಿನ ಗಡಿ ಮೃದುವಾಗುತ್ತದೆ. ಒಂದು ದಿನ ಪೂರ್ತಿ ಒಣಗಲು ಬಿಡಿ.

ಒದ್ದೆ ಪ್ಯಾಲೆಟ್

ನಮ್ಮ ಕಡೆ ಇದಿಲ್ಲದೆ ಅಕ್ರಿಲಿಕ್ ಕೆಲಸ ಆಗುವುದಿಲ್ಲ. ಅಗಲ ಬಾಯಿಯ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ತಳಕ್ಕೆ ಮೂರು ನಾಲ್ಕು ಪದರ ಟಿಶ್ಯೂ ಹಾಸಿ ನೆನೆಯುವಷ್ಟು ನೀರು ಹಾಕಿ. ಮೇಲೆ ಬೇಕಿಂಗ್‌ಗೆ ಬಳಸುವ ಬಟರ್ ಪೇಪರ್ ಹಾಸಿ, ಗಾಳಿಗುಳ್ಳೆ ಇಲ್ಲದಂತೆ ಒತ್ತಿ. ಬಣ್ಣವನ್ನು ಆ ಕಾಗದದ ಮೇಲೆ ಇಟ್ಟುಕೊಂಡರೆ ಕೆಳಗಿನ ತೇವಕ್ಕೆ ಗಂಟೆಗಟ್ಟಲೆ ಹಸಿಯಾಗಿರುತ್ತದೆ, ಮುಚ್ಚಳ ಹಾಕಿದರೆ ಮರುದಿನಕ್ಕೂ ಬರುತ್ತದೆ. ಸಾದಾ ತಟ್ಟೆಯ ಮೇಲೆ ಆದರೆ ಫ್ಯಾನ್ ಗಾಳಿಗೆ ನಿಮಿಷದೊಳಗೆ ಸಿಪ್ಪೆ ಕಟ್ಟುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಕೂರಲು ಆಗುವುದಿಲ್ಲ, ಅಲ್ವಾ? ಟೇಬಲ್ ಫ್ಯಾನ್ ನೆಲಕ್ಕಿಟ್ಟು ಕಾಲಿನ ಕಡೆ ತಿರುಗಿಸಿಕೊಳ್ಳಿ.

ಬಣ್ಣದ ಹದ ಹಾಲಿನಷ್ಟು ತೆಳುವಿರಲಿ. ಬ್ರಶ್ ಅದ್ದಿದ ಮೇಲೆ ಟಿಶ್ಯೂಗೆ ಒಮ್ಮೆ ಒತ್ತಿ, ಆಮೇಲೆ ಹಚ್ಚಿ. ಒಂದೇ ಕೋಟಿನಲ್ಲಿ ಮುಚ್ಚಬೇಕು ಅನ್ನುವ ಆತುರ ಬೇಡ. ತುದಿ ಚೂಪು ಮಾಡಲು ಬ್ರಶ್ ಬಾಯಿಗೆ ಹಾಕುವ ಅಭ್ಯಾಸವೂ ಬೇಡ, ಕೆಲವು ಬಣ್ಣಗಳಲ್ಲಿ ವಿಷದ ಲೋಹ ಇರುತ್ತದೆ.

ಹಸಿರು ಸಮವಸ್ತ್ರ

ಬರ್ಮಾ ಯುದ್ಧದ ಹೊತ್ತಿಗೆ ಸೇನೆಗೆ ಬಂದ ಕಾಡು ಹಸಿರು ಬಟ್ಟೆ 1948ರಲ್ಲೂ ಬಳಕೆಯಲ್ಲಿತ್ತು. ಆ ಕಾರ್ಯಾಚರಣೆಯ ಫೋಟೋಗಳು ಕಪ್ಪು ಬಿಳುಪು. ಅದರಲ್ಲಿ ಬಣ್ಣ ಸಿಗದಿದ್ದರೂ ಬಟ್ಟೆ ಎಲ್ಲಿ ಮಾಸಿದೆ, ಎಲ್ಲಿ ಗಾಢವಾಗಿದೆ ಅನ್ನುವುದು ಸಿಗುತ್ತದೆ. ಅದನ್ನು ನೋಡಿಕೊಳ್ಳಿ.

ಆಲಿವ್ ಹಸಿರು ಟ್ಯೂಬಿನಿಂದ ನೇರ ಹಚ್ಚುವುದಕ್ಕಿಂತ ಬೆರೆಸುವುದು ಒಳ್ಳೆಯದು. ಹಳದಿಗೆ ಕಪ್ಪು ಸೇರಿಸಿದರೆ ಆಲಿವ್ ಬರುತ್ತದೆ. ಅದಕ್ಕೆ ಚೂರು ಹಸಿರು, ಚೂರು ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು. ಹೊರಗಡೆ ದೊಡ್ಡ ಬಟ್ಟೆಯ ಮೇಲೆ ಸರಿಯಾಗಿ ಕಾಣುವ ಬಣ್ಣ ಸಣ್ಣ ಗೊಂಬೆಯ ಮೇಲೆ ಕಪ್ಪಾಗಿ ಕಾಣುತ್ತದೆ. ಹಾಗಾಗಿ ನಿಜದ ಬಟ್ಟೆಗಿಂತ ಒಂದು ಮಟ್ಟ ತಿಳಿ ಇರಲಿ.

ಮೊದಲು ಎರಡು ತೆಳು ಕೋಟ್. ಕೆಳಗಿನ ಕಪ್ಪು ಬಿಳುಪು ಸ್ವಲ್ಪ ಇಣುಕುತ್ತಿರಲಿ. ನೆರಳಿಗೆ ಬರೀ ಕಪ್ಪು ಸೇರಿಸಬೇಡಿ, ಬರ್ನ್ಟ್ ಅಂಬರ್ ಮತ್ತು ಚೂರು ನೀಲಿ ಸೇರಿಸಿ. ಮೊಣಕೈಯ ಒಳಮಡಿಕೆ, ಪಟ್ಟಿಯ ಕೆಳ ಅಂಚು, ಜೇಬಿನ ಮುಚ್ಚಳದ ಕೆಳಗೆ ಹಚ್ಚಿ. ಬೆಳಕಿಗೆ ಬರೀ ಬಿಳಿ ಸೇರಿಸಿದರೆ ಬಟ್ಟೆ ಸುಣ್ಣ ಬಡಿದಂತಾಗುತ್ತದೆ. ಯೆಲ್ಲೋ ಓಕರ್ (ಮಣ್ಣಿನ ಹಳದಿ) ಮತ್ತು ಬಿಳಿ ಬೆರೆಸಿದ ಕೆನೆ ಬಣ್ಣ ಸೇರಿಸಿ. ಮಡಿಕೆಯ ನೆತ್ತಿ, ಭುಜ, ಮೊಣಕಾಲಿನ ಮೇಲೆ ಹಚ್ಚುತ್ತಾ, ಪ್ರತಿ ಸಲವೂ ಮೊದಲಿಗಿಂತ ಸಣ್ಣ ಜಾಗಕ್ಕೆ ಇಳಿಯಿರಿ. ಒಗೆದು ಒಗೆದು ಮಾಸಿದ ಬಟ್ಟೆ ಬೇಕಾದರೆ ಕೊನೆಯ ಬೆಳಕಿಗೆ ಹನಿ ಬೂದು ಸೇರಿಸಿ.

ಪಟ್ಟಿ, ಚೀಲಗಳು ಹತ್ತಿಯ ದಪ್ಪ ನೇಯ್ಗೆ. ಅವು ಅಂಗಿಗಿಂತ ಬೇರೆಯಾಗಿ ಕಾಣಬೇಕು. ಖಾಕಿಯ ಕಡೆ ವಾಲಿದ ತಿಳಿ ಹಸಿರು ಹಚ್ಚಿ. ಬಕಲ್ ಹಿತ್ತಾಳೆಯವು.

ಪೇಟ ಕಟ್ಟಿದ ಸಿಖ್ ಸಿಪಾಯಿ ಬೇಕಾದರೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿಯನ್ನು ತೆಳುವಾಗಿ ಲಟ್ಟಿಸಿ, ಪಟ್ಟಿ ಕತ್ತರಿಸಿ ತಲೆಗೆ ಸುತ್ತಿ. ಗಡ್ಡಕ್ಕೆ ಅಚ್ಚ ಕಪ್ಪು ಬೇಡ, ಕಪ್ಪಿಗೆ ಕಂದು ಬೆರೆಸಿ, ಎಳೆಗಳ ಮೇಲೆ ಬೂದು ಮುಟ್ಟಿಸಿ.

ಮುಖ

ನೋಡುವವರ ಕಣ್ಣು ಮೊದಲು ಹೋಗುವುದು ಮುಖಕ್ಕೆ. ಇಲ್ಲಿ ಅವಸರ ಮಾಡಬಾರದು. ಕಿಟ್ಟಿನ ಚೀಟಿಯಲ್ಲಿ ಹೇಳಿರುವ ಚರ್ಮದ ಬಣ್ಣ ಯುರೋಪಿನವರದ್ದು. ಅದನ್ನೇ ತಂದು ಕಂದು ಸೇರಿಸಿದರೆ ನಮ್ಮ ಮೈಬಣ್ಣ ಬರುವುದಿಲ್ಲ, ಮಣ್ಣು ಮೆತ್ತಿದ ಹಾಗಾಗುತ್ತದೆ. ನಮ್ಮ ಚರ್ಮದ ಒಳಗೆ ಕೆಂಪು ಮತ್ತು ಹಳದಿ ಎರಡೂ ಇವೆ. ಕನ್ನಡಿ ಮುಂದೆ ನಿಂತು ನಿಮ್ಮ ಕೆನ್ನೆ, ಕತ್ತು, ಕಣ್ಣಿನ ಕೆಳಭಾಗ ಒಂದೊಂದಾಗಿ ನೋಡಿ. ಮೂರೂ ಬೇರೆ ಬೇರೆ ಬಣ್ಣ.

ತಳಕ್ಕೆ ಬರ್ನ್ಟ್ ಸಿಯೆನ್ನಾ (ಕೆಂಪುಗಂದು) ಮತ್ತು ಯೆಲ್ಲೋ ಓಕರ್ ಸಮ ಸಮ, ಸ್ವಲ್ಪ ಬರ್ನ್ಟ್ ಅಂಬರ್, ಸ್ವಲ್ಪ ಬಿಳಿ. ಯಾರ ಮೈಬಣ್ಣ ಹೇಗೆ ಅನ್ನುವುದರ ಮೇಲೆ ಅಂಬರ್ ಹೆಚ್ಚು ಕಡಿಮೆ ಮಾಡಿ. ಒಂದು ಗುಂಪಿನ ಐದು ಜನಕ್ಕೂ ಒಂದೇ ಬಣ್ಣ ಹಚ್ಚಬೇಡಿ. ನೆರಳಿಗೆ ಬರ್ನ್ಟ್ ಅಂಬರ್‌ಗೆ ಚೂರು ಕ್ರಿಮ್ಸನ್ ಬೆರೆಸಿ. ಕಣ್ಣಿನ ಗುಳಿ, ಮೂಗಿನ ಎರಡು ಬದಿ, ಕೆಳತುಟಿಯ ಕೆಳಗೆ, ದವಡೆಯ ಅಡಿ, ಟೋಪಿ ಮುಗಿಯುವ ಗೆರೆ, ಈ ಕಡೆಗೆಲ್ಲ ಹಚ್ಚಿ. ನೀರಿನಷ್ಟು ತೆಳುವಾಗಿ, ಎರಡು ಮೂರು ಸಲ.

ಬೆಳಕಿಗೆ ತಳದ ಬಣ್ಣಕ್ಕೆ ಓಕರ್ ಮತ್ತು ಬಿಳಿ ಸೇರಿಸಿ. ಹಣೆ, ಮೂಗಿನ ದಿಂಡು ಮತ್ತು ತುದಿ, ಕೆನ್ನೆಯ ಮೂಳೆ, ಗದ್ದದ ತುದಿ. ಕಪ್ಪು ಮೈಬಣ್ಣದ ಮೇಲೆ ಬೆಳಕು ಅಗಲವಾಗಿ ಹರಡುವುದಿಲ್ಲ, ಸಣ್ಣ ಜಾಗದಲ್ಲಿ ಚುರುಕಾಗಿ ಹೊಳೆಯುತ್ತದೆ. ಅದಕ್ಕೇ ಹೈಲೈಟ್ ಜಾಗ ಕಿರಿದಿರಲಿ, ಹೊಳಪು ಸ್ವಲ್ಪ ಜೋರಿರಲಿ. ಮೂಗಿನ ತುದಿಗೆ, ಕಿವಿಗೆ, ಕೆಳತುಟಿಗೆ ತೆಳು ಕೆಂಪುಗಂದು ಒಂದು ಸಲ ಸವರಿ. ಗಡ್ಡ ಬೋಳಿಸಿದ ಜಾಗಕ್ಕೆ ತಳದ ಬಣ್ಣದಲ್ಲಿ ಹನಿ ನೀಲಿ ಬೂದು ಬೆರೆಸಿ, ಇದೆಯೋ ಇಲ್ಲವೋ ಅನ್ನುವಷ್ಟು ಹಚ್ಚಿ. ಮುಖಕ್ಕೆ ಆಗ ಜೀವ ಬರುತ್ತದೆ.

ಕಣ್ಣು ಎಲ್ಲರಿಗೂ ಭಯ. ಸ್ವಲ್ಪ ಲೆಕ್ಕ ಹಾಕೋಣ. ಮನುಷ್ಯನ ಕಣ್ಣಿನ ಸೀಳು ಸುಮಾರು 3 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ಎತ್ತರ. 1/35ರಲ್ಲಿ ಅದು 0.9 ಮಿಲಿಮೀಟರ್ ಅಗಲ, 0.3 ಮಿಲಿಮೀಟರ್ ಎತ್ತರ. ಅಷ್ಟರಲ್ಲಿ ಅಚ್ಚ ಬಿಳಿ ಹಚ್ಚಿದರೆ ಸಿಪಾಯಿ ಬೆಚ್ಚಿಬಿದ್ದವನಂತೆ ಕಾಣುತ್ತಾನೆ. ಮೊದಲು ಇಡೀ ಸೀಳಿಗೆ ಗಾಢ ಕಂದು ಹಚ್ಚಿ. ಅದರ ಮೇಲೆ ಚೂರು ಕಂದು ಬೆರೆಸಿದ ಬಿಳಿಯಲ್ಲಿ, ಸುತ್ತ ಗಾಢ ಅಂಚು ಉಳಿಯುವಂತೆ ಒಂದು ಅಡ್ಡ ಗೀರು. ಮಧ್ಯೆ ಕಪ್ಪುಗಂದಿನಲ್ಲಿ ಒಂದು ಉದ್ದ ಗೀರು, ಮೇಲಿನ ರೆಪ್ಪೆಗೆ ತಾಗಿರಬೇಕು. ಚುಕ್ಕೆ ಇಟ್ಟು ಸುತ್ತ ಬಿಳಿ ಬಿಟ್ಟರೆ ಮತ್ತೆ ಬೆಚ್ಚಿದ ಕಣ್ಣೇ. ಇಬ್ಬದಿಯ ಕಣ್ಣನ್ನೂ ಸ್ವಲ್ಪ ಪಕ್ಕಕ್ಕೆ ನೋಡುವಂತೆ ಮಾಡಿ. ನೇರ ನೋಟದಲ್ಲಿ ಎರಡೂ ಸರಿಯಾಗಿ ಕೂರುವುದು ಕಷ್ಟ, ಕಾವಲುಗಾರ ರಸ್ತೆಯ ಕಡೆ ನೋಡುವುದು ಸಹಜವೂ ಹೌದು. ಹೆಚ್ಚಾದದ್ದನ್ನು ಚರ್ಮದ ಬಣ್ಣದಿಂದ ಒತ್ತಿ ಮುಚ್ಚಿ. ಟೋಪಿಯ ನೆರಳು ಜಾಸ್ತಿ ಇದ್ದರೆ ಬಿಳಿ ಬಿಟ್ಟೇಬಿಡಿ, ಕಂದು ಗೀರೊಂದೇ ಸಾಕು. 1/72ರಲ್ಲಂತೂ ಯಾವಾಗಲೂ ಅಷ್ಟೇ.

ಮೊಣಕೈಯನ್ನು ಮೇಜಿಗೂರಿ, ಎರಡೂ ಮಣಿಕಟ್ಟನ್ನು ಒಂದಕ್ಕೊಂದು ತಾಗಿಸಿ ಹಿಡಿಯಿರಿ. ಕೈ ನಡುಗಿದರೂ ಬ್ರಶ್ ಮತ್ತು ಗೊಂಬೆ ಒಟ್ಟಿಗೆ ನಡುಗುತ್ತವೆ, ಗೀರು ತಪ್ಪುವುದಿಲ್ಲ.

ಕಬ್ಬಿಣ ಮತ್ತು ಕಟ್ಟಿಗೆ

ರೈಫಲ್ ಈ ಅಳತೆಯಲ್ಲಿ 32 ಮಿಲಿಮೀಟರ್ ಉದ್ದ. ಅದಕ್ಕೆ ಬೆಳ್ಳಿ ಬಣ್ಣ ಬಳಿಯುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಬಂದೂಕಿನ ಕಬ್ಬಿಣ ಕಪ್ಪು. ಬೀದರಿನ ಬಿದ್ರಿ ಹೂಜಿ ನೆನಪಿಸಿಕೊಳ್ಳಿ. ಸತುವಿನ ಮೈಯನ್ನು ಕೋಟೆಯ ಮಣ್ಣು ಬೆರೆಸಿದ ಪಾಕದಿಂದ ಮಂದ ಕಪ್ಪು ಮಾಡಿರುವುದಕ್ಕೇ ಬೆಳ್ಳಿಯ ಗೆರೆ ಅಷ್ಟು ಹೊಳೆಯುವುದು. ಇಲ್ಲೂ ಹಾಗೆ. ನಳಿಗೆ, ಬೋಲ್ಟ್‌ಗೆ ಮ್ಯಾಟ್ ಕಪ್ಪು ಹಚ್ಚಿ ಒಣಗಿಸಿ. 6ಬಿ ಪೆನ್ಸಿಲ್ಲಿನ ಸೀಸವನ್ನು ಅಂಚುಗಳ ಮೇಲೆ ಮಾತ್ರ ಉಜ್ಜಿ. ಸವೆದ ಉಕ್ಕಿನ ಹೊಳಪು ಅಲ್ಲೇ ಬರುತ್ತದೆ, ಬೇರೆ ಯಾವ ಲೋಹದ ಬಣ್ಣವೂ ಬೇಡ.

ಹಿಡಿಕೆಯ ಕಟ್ಟಿಗೆಗೆ ಕೆಂಪುಗಂದು. ಒಣಗಿದ ಮೇಲೆ ಬರ್ನ್ಟ್ ಅಂಬರ್ ಆಯಿಲ್ ಬಣ್ಣ ತೆಳುವಾಗಿ ಹಚ್ಚಿ, ಒಣ ಬ್ರಶ್‌ನಿಂದ ಉದ್ದಕ್ಕೆ ಎಳೆದರೆ ಕಟ್ಟಿಗೆಯ ಎಳೆ ಮೂಡುತ್ತದೆ. ಬೂಟು ಕಪ್ಪು, ಆದರೆ ಬೂದು ಬೆರೆಸಿದ ಕಪ್ಪು. ಅದರ ಮೇಲೆ ಹೇಗೂ ಕೆಸರು ಬರುತ್ತದೆ.

ಈಗ ಇಡೀ ಫಿಗರಿಗೆ ಮ್ಯಾಟ್ ವಾರ್ನಿಶ್ ಕೊಡಿ, ಮತ್ತೆ ಬೆಳಗಿನ ಹೊತ್ತಲ್ಲೇ. ಕೆಸರಿನ ಕೆಲಸ ಇದಾದ ಮೇಲೆ. ಮೊದಲೇ ಮಾಡಿದರೆ ವಾರ್ನಿಶ್ ಬಿದ್ದು ಮಣ್ಣಿನ ಬಣ್ಣವೇ ಬದಲಾಗುತ್ತದೆ.

ನೆಲ

ಅಂಗಡಿಯಲ್ಲಿ ಸಿಗುವ ಮಣ್ಣಿನ ಬಣ್ಣದ ಪುಡಿಗೆ ದುಡ್ಡು ಹಾಕಬೇಡಿ. ನಮ್ಮಲ್ಲಿ ಎರಡೂ ಮಣ್ಣು ಇವೆ. ಬೀದರ್ ಜಂಬಿಟ್ಟಿಗೆ ಕಲ್ಲಿನ ದಿನ್ನೆಯ ಮೇಲೆ ಕೂತ ಊರು, ಅಲ್ಲಿ ಕೆಂಪು ಮಣ್ಣು ಕೈಗೆ ಸಿಗುತ್ತದೆ. ಕಲಬುರಗಿಯ ತೊಗರಿ ಹೊಲಗಳದು ಎರೆ ಮಣ್ಣು. ಒಂದು ಡಬ್ಬಿ ತಂದು, ತವೆಯ ಮೇಲೆ ಹುರಿದು ತೇವ ತೆಗೆಯಿರಿ. ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಒಮ್ಮೆ, ತೆಳು ಬಟ್ಟೆಯಲ್ಲಿ ಒಮ್ಮೆ ಸೋಸಿ. ಒರಟಾದದ್ದು ನೆಲಕ್ಕೆ, ಹಿಟ್ಟಿನಂಥದ್ದು ಬೂಟಿಗೆ.

ಸೆಪ್ಟೆಂಬರಿನ ಕೆಸರಿಗೆ: ಪ್ಲೈವುಡ್ ತುಂಡಿನ ಮೇಲೆ ಒರಟು ಕೆಂಪು ಮಣ್ಣಿಗೆ ಫೆವಿಕಾಲ್ ಮತ್ತು ನೀರು ಬೆರೆಸಿ ಹರಡಿ. ಹಸಿ ಇರುವಾಗಲೇ ಗಾಡಿ ಚಕ್ರದ ಜಾಡು ಒತ್ತಿ, ಸಿಪಾಯಿಯ ಬೂಟಿನ ಗುರುತೂ ಒತ್ತಿ. ಗೊಂಬೆ ನೆಲದ ಮೇಲೆ ತೇಲಬಾರದು, ಕಾಲು ಸ್ವಲ್ಪ ಹೂತಿರಬೇಕು. ಒಣಗಿದ ಮೇಲೆ ಜಾಡಿನ ತಗ್ಗಿಗೆ ಮಾತ್ರ ಹೊಳೆಯುವ ಗ್ಲಾಸಿ ವಾರ್ನಿಶ್ ಹಾಕಿದರೆ ನೀರು ನಿಂತಂತೆ ಕಾಣುತ್ತದೆ. ಎಲ್ಲ ಕಡೆ ಹಾಕಬೇಡಿ.

ಸಿಪಾಯಿಯ ಕಾಲಿಗೂ ಅದೇ ಮಣ್ಣು. ನುಣುಪು ಪುಡಿಗೆ ಹನಿ ಫೆವಿಕಾಲ್, ನೀರು ಬೆರೆಸಿ, ಹಳೆ ಬ್ರಶ್‌ನಿಂದ ಬೂಟಿನ ಅಂಚಿಗೆ, ಹಿಮ್ಮಡಿಗೆ ಮೆತ್ತಿ. ಪ್ಯಾಂಟಿನ ಕೆಳಗೆ ಬ್ರಶ್ ಕೂದಲು ಬೆರಳಿನಿಂದ ಚಿಮ್ಮಿಸಿದರೆ ಸಣ್ಣ ಹನಿಗಳು ಹಾರುತ್ತವೆ. ಮೊಣಕಾಲಿನ ಮೇಲೆ ಹೋಗಬಾರದು, ಮುಖಕ್ಕೆ ಕಾಗದ ಸುತ್ತಿಡಿ. ಮೊಣಕಾಲೂರಿ ಕೂತ ಭಂಗಿಯಾದರೆ ಆ ಮೊಣಕಾಲಿಗೂ ಒಂದು ಮುದ್ದೆ ಮಣ್ಣು ಬೇಕು.

ಎರೆ ನೆಲದ ಬೇಸಿಗೆ ಬೇಕಾದವರಿಗೆ ಇನ್ನೂ ಚೆಂದದ ಕೆಲಸವಿದೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಹೊಲದಲ್ಲಿ ಆಗುವುದೇ ಹಲಗೆಯ ಮೇಲೂ ಆಗುತ್ತದೆ. ಅಂಟು ಹಾಕದೆ ಬರೀ ನೀರಿನಲ್ಲಿ ಕಲಸಿ, 3 ಮಿಲಿಮೀಟರ್ ದಪ್ಪಕ್ಕೆ ಹರಡಿ, ನೆರಳಲ್ಲಿ ಒಣಗಲು ಬಿಡಿ. ತಾನಾಗಿ ಬಿರುಕು ಬಿಡುತ್ತದೆ. ಪದರ ತೆಳುವಾದಷ್ಟು ಬಿರುಕಿನ ಜಾಲ ಸಣ್ಣದು, ದಪ್ಪ ಹೆಚ್ಚು ಕಡಿಮೆ ಮಾಡಿ ನಿಮ್ಮ ಅಳತೆಗೆ ಹೊಂದಿಸಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ನೀರಾದ ಫೆವಿಕಾಲನ್ನು ಡ್ರಾಪರ್‌ನಿಂದ ಬಿರುಕಿನೊಳಗೆ ಹನಿಹನಿಯಾಗಿ ಬಿಡಿ, ಮೇಲೆ ಸುರಿಯಬೇಡಿ. ಒಣ ಎರೆ ಮಣ್ಣು ಕಪ್ಪಲ್ಲ, ಬೂದು. ಅಂಟು ಹೀರಿದ ಜಾಗ ಕಪ್ಪಾದರೆ ಮೇಲೆ ಒಣ ಪುಡಿ ಉದುರಿಸಿ, ಊದಿ ತೆಗೆಯಿರಿ. ಅದೇ ಪುಡಿಯನ್ನು ಒಣ ಬ್ರಶ್‌ನಿಂದ ಬೂಟು, ಪ್ಯಾಂಟಿನ ಅಂಚು, ಭುಜದ ಮೇಲೆ ಸವರಿ. ಊರ ಅಂಚಿನ ದೃಶ್ಯವಾದರೆ ಫರಸಿ ಕಲ್ಲಿನ ಕಟ್ಟೆಗೆ ನಿಜವಾದ ಶಹಾಬಾದ್ ಕಲ್ಲಿನ ಚಕ್ಕೆಯನ್ನೇ ಅಂಟಿಸಬಹುದು, ಬಣ್ಣವೂ ಬೇಕಿಲ್ಲ.

ನಿಲ್ಲಿಸುವುದು, ಕಾಯುವುದು

ಬಿರಡೆಯಿಂದ ತಂತಿ ಎಳೆದು, ನೆಲದಲ್ಲಿ ತೂತು ಮಾಡಿ ಎಪಾಕ್ಸಿ ಅಂಟಿನಿಂದ ನಿಲ್ಲಿಸಿ. ಫೆವಿಕ್ವಿಕ್ ಬೇಡ, ಅದರ ಆವಿಗೆ ಪಕ್ಕದ ಬಣ್ಣ ಬೆಳ್ಳಗಾಗುತ್ತದೆ. ಬೂಟಿನ ಸುತ್ತ ಸಂದು ಕಂಡರೆ ಅದೇ ಮಣ್ಣು ತುಂಬಿ. ರೈಫಲ್ ಕೊನೆಗೆ ಅಂಟಿಸಿ, ಬೆರಳು ಅದರ ಮೇಲೆ ಸರಿಯಾಗಿ ಕೂತಿದೆಯಾ ಅಂತ ಎದುರಿನಿಂದ, ಪಕ್ಕದಿಂದ, ಮೇಲಿನಿಂದ ನೋಡಿ.

ನಮ್ಮ ಬೇಸಿಗೆ ಗಾಳಿಯ ಧೂಳು ಒಂದು ವಾರದಲ್ಲಿ ಎಲ್ಲವನ್ನೂ ಮುಚ್ಚುತ್ತದೆ. ಅಕ್ರಿಲಿಕ್ ಅಥವಾ ಗಾಜಿನ ಡಬ್ಬಿಯೊಳಗೆ ಇಡಿ, ಕಿಟಕಿಯ ನೇರ ಬಿಸಿಲು ಬೀಳದ ಗೋಡೆಗೆ. ಡಬ್ಬಿ ತೆಗೆದು ಒರೆಸುವಾಗ ಬಟ್ಟೆ ಮುಟ್ಟಿಸಬೇಡಿ, ಮೇಕಪ್ಪಿನ ಮೆತ್ತನೆ ಬ್ರಶ್ ಸಾಕು.